ಕೆಲ್ವಿನ್ ಇಟ್ಟ ಮೊಟ್ಟೆ

ಇರಲಾರದೆ ಇರುವೆ ಬಿಟ್ಟುಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಟಿಲ್ಬರೂದಲ್ಲಿ ಆ ಜವಾಬ್ದಾರಿಯನ್ನು ಕೆಲ್ವಿನ್ ಬ್ರೇಸ್‌ವೆಲ್ ವಹಿಸಿಕೊಂಡಿದ್ದ. ಅವನು ಆ ದಿನ ಕ್ಲಬ್ಬಿನಲ್ಲಿ ಬಾಯಿ ಮುಚ್ಚಿಕೊಂಡು ಬಿಯರ್ ಕುಡಿದು ಮನೆಗೆ ಹೋಗಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಕೆಲ್ವಿನ್‌ಗೆ ಹೆದ್ದಾರಿ ಸೇತುವೆಯ ಮೇಲೆ ಕೆಲಸ. ಟಿಲ್ಬರೂ ನದಿಗೆ ಆ ಸೇತುವೆ ಕಟ್ಟಿ ಬಹಳ ವರ್ಷವೇನೂ ಆಗಿಲ್ಲ. ನೂರು ವರ್ಷ ಬಾಳುತ್ತದೆ ಎಂದು ಉದ್ಘಾಟನೆಯ ದಿನ ಮಂತ್ರಿಗಳು ಹೇಳಿದ್ದರು. ಹೇಳಿದವರ ಮಂತ್ರಿಗಿರಿ ಮುಂದಿನ ಚುನಾವಣೆಯವರೆಗೂ ಬಾಳಲಿಲ್ಲ, ಅದು ಬೇರೆ ಮಾತು. ನೀರು ಇಳಿಯುವ ತೂತುಗಳಲ್ಲಿ ಹುಲ್ಲು ಬೆಳೆದಿದೆ, ಪಕ್ಕದ ಕಂಬಿಗಳಿಗೆ ತುಕ್ಕು ಹತ್ತಿದೆ. ಮಂತ್ರಿಗಳ ಹೆಸರು ಕೆತ್ತಿದ ಹಿತ್ತಾಳೆ ಫಲಕ ಮಾತ್ರ ಇವತ್ತಿಗೂ ಫಳಫಳ ಹೊಳೆಯುತ್ತದೆ. ತೂತು ಬಿಡಿಸಿ ಎಂದು ಮೇಲಿನಿಂದ ಒಂದು ಆದೇಶವೂ ಬಂದದ್ದಿಲ್ಲ. ಫಲಕ ಒರೆಸಿ ಎಂದು ತಪ್ಪದೆ ಬರುತ್ತದೆ. ಒರೆಸುವವನು ಕೆಲ್ವಿನ್.

ಸೇತುವೆಯೂ ಒಂದು ಜೀವವೇ. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಮುದುರುತ್ತದೆ. ಅದಕ್ಕೆಂದೇ ತುದಿಯಲ್ಲಿ ಸಂದಿ ಬಿಟ್ಟು, ಮೇಲೆ ಉಕ್ಕಿನ ಪಟ್ಟಿ ಕೂರಿಸಿರುತ್ತಾರೆ. ಅದಕ್ಕೆ ಜಾಯಿಂಟು ಎಂದು ಹೆಸರು. ದಕ್ಷಿಣ ತುದಿಯ ಜಾಯಿಂಟಿನ ಬೋಲ್ಟುಗಳು ಮುದುಕರ ಹಲ್ಲಿನಂತೆ ಅಲ್ಲಾಡತೊಡಗಿ, ಕಬ್ಬಿನ ಲಾರಿ ದಾಟಿದಾಗಲೆಲ್ಲ ‘ಟಕ್-ಡಡಕ್’ ಎಂದು ಸದ್ದು. ಲಾರಿಯಲ್ಲಿ ಕೂತವನಿಗೆ ಅದು ಕೇಳಿಸುವುದಿಲ್ಲ. ಕೇಳಿಸುವುದು ಸೇತುವೆಯ ಕೆಳಗೆ, ನದಿ ದಂಡೆಯ ಮೇಲಿರುವ ನಮ್ಮೂರ ಬೌಲಿಂಗ್ ಕ್ಲಬ್ಬಿನವರಿಗೆ. ಬಿಳಿ ಟೋಪಿ ಹಾಕಿಕೊಂಡು, ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಕರಿ ಚೆಂಡು ಉರುಳಿಸಿ, ಪುಟ್ಟ ಬಿಳಿ ಚೆಂಡಿನ ಪಕ್ಕ ಯಾರದು ಹೋಗಿ ನಿಂತಿತೆಂದು ನೋಡುವ ಆಟ. ನೋಡುವವರಿಗೆ ನಿದ್ದೆ, ಆಡುವವರಿಗೆ ರಕ್ತದೊತ್ತಡ.

ಈ ಆಟದಲ್ಲಿ ಊರಿಗೆ ಚಾಂಪಿಯನ್ ಮಾಂಸದಂಗಡಿಯ ಲೆಸ್ ಡಾರಿಗನ್. ಕೆಲ್ವಿನ್‌ನ ಹೆಂಡತಿ ಜಾಯ್ಲೀನ್‌ಳ ಖಾಸಾ ಅಣ್ಣ. ವರ್ಷಾವರ್ಷ ಶೀಲ್ಡು ಅವನ ಮನೆಗೇ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಕ್ರಿಸ್ಮಸ್ ಊಟಕ್ಕೆ ತಂಗಿಯ ಮನೆಗೆ ಬರುವಾಗ ಆ ಶೀಲ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಮೇಜಿನ ಮೇಲೆ ಹಂದಿ ತೊಡೆಯ ತಟ್ಟೆಗೆ ಒರಗಿಸಿ ನಿಲ್ಲಿಸುತ್ತಿದ್ದ. “ಕೆಲ್, ಸ್ವಲ್ಪ ಆ ಕಡೆ ಸರಿ, ಶೀಲ್ಡಿಗೆ ಬೆಳಕು ಬೀಳ್ಲಿ,” ಅನ್ನುತ್ತಿದ್ದ. ಸ್ವಂತ ಮನೆಯ ಮೇಜಿನಲ್ಲಿ ಜಾಗ ಬಿಟ್ಟುಕೊಟ್ಟು ಕೂರುವ ಗಂಡಸಿನ ಹೊಟ್ಟೆಯುರಿ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು.

ಈ ಸಲ ಏನು ಪವಾಡವೋ, ಕೆಲ್ವಿನ್ ಫೈನಲ್ಲಿಗೆ ಬಂದ. ಎದುರಾಳಿ ಲೆಸ್. ಆ ಸಂಜೆ ಕ್ಲಬ್ಬಿನ ಬಾರಿನಲ್ಲಿ ಲೆಸ್ ಎಲ್ಲರ ಎದುರಿಗೆ, “ಸೋತ ಮೇಲೆ ಸೇತುವೆ ಸದ್ದು ಅಂತ ನೆಪ ತೆಗೀಬೇಡಪ್ಪಾ,” ಅಂದ.

“ನೆಪ ತೆಗ್ಯೋನು ನೀನು!” ಎಂದು ಕೆಲ್ವಿನ್ ಗ್ಲಾಸು ಕುಟ್ಟಿದ. “ಚೆಂಡು ಅಡ್ಡ ಹೋದಾಗೆಲ್ಲ ಮೇಲೆ ಕೈ ತೋರಿಸಿ ಕೆಲ್ವಿನ್ನನ ಸೇತುವೆ, ಕೆಲ್ವಿನ್ನನ ಸೇತುವೆ ಅಂತ ಬಡ್ಕೊಳ್ಳೋನು ಯಾರು? ನಾಳೇನೇ ಜಾಯಿಂಟ್ ಬದಲಾಯ್ಸಿ ಅಂತ ಬರೀತೀನಿ. ಆಮೇಲೆ ನಿನ್ನ ಸೋಲಿಗೆ ನೀನೇ ಕಾರಣ ಹುಡುಕ್ಕೋ.”

ಬರೆದ. ಬರೆದರೆ ಏನೂ ಆಗುವುದಿಲ್ಲ ಎಂಬ ಧೈರ್ಯದಿಂದಲೇ ಬರೆದ. ಆದರೆ ದೇವರು ಮತ್ತು ಹೆದ್ದಾರಿ ಕಚೇರಿ ಯಾವಾಗ ಕಣ್ಣು ಬಿಡುತ್ತವೆಂದು ಹೇಳುವವರು ಯಾರು? ಬೇರೆ ಯಾವುದೋ ಸೇತುವೆಯ ಕೆಲಸ ಮುಂದಕ್ಕೆ ಹೋಗಿ, ಅಲ್ಲಿಗೆ ಹೊರಟಿದ್ದ ಹೊಸ ಜಾಯಿಂಟು ನೇರ ನಮ್ಮೂರಿಗೆ ಬಂದು ಇಳಿಯಿತು. ಅದೂ ಫೈನಲ್ಲಿನ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ.

ಮೇಸ್ತ್ರಿ ಗ್ಯಾರಿ ವೂಕಿಚ್ ಎಲ್ಲರನ್ನೂ ಶೆಡ್ಡಿನ ಮುಂದೆ ನಿಲ್ಲಿಸಿಕೊಂಡ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೇಲಿನವರ ಆದೇಶ.

“ಇವತ್ತು ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೂ ಒಂದು ಕಡೆ ರಸ್ತೆ ಬಂದ್. ಹಳೇ ಜಾಯಿಂಟ್ ಕೀಳ್ತೀವಿ, ಹೊಸದು ಹಾಕ್ತೀವಿ. ಎಲ್ರೂ ಬರ್ಬೇಕು. ರಜಾ-ಗಿಜಾ ಅಂತ ಯಾವನಾದ್ರೂ ಬಾಯಿ ಬಿಟ್ರೆ ಅದೇ ಸಂದೀಲಿ ಮಲಗಿಸಿ ಮೇಲೆ ಕಾಂಕ್ರೀಟ್ ಸುರೀತೀನಿ.”

“ಗ್ಯಾರಿ, ನಾಳೆ ಫೈನಲ್ಲು,” ಎಂದ ಕೆಲ್ವಿನ್.

“ಗೊತ್ತು.”

“ನನ್ನ ಫೈನಲ್ಲು!”

“ಗೊತ್ತು ಕಣಯ್ಯಾ. ಜಾಯಿಂಟ್ ಬದಲಾಯ್ಸಿ, ಬದಲಾಯ್ಸಿ ಅಂತ ಬರ್ದೋನು ಯಾರು? ನಾನಾ?”

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಆದರೆ ಆ ನಗೆಯಲ್ಲಿ ಸಿಟ್ಟೂ ಇತ್ತು. ಶನಿವಾರ, ಭಾನುವಾರ ಮಣ್ಣುಪಾಲಾದದ್ದು ಅವರದ್ದೂ ಹೌದು. ಒಬ್ಬನಿಗೆ ಮೀನು ಹಿಡಿಯಲು ಹೋಗುವುದಿತ್ತು, ಇನ್ನೊಬ್ಬನಿಗೆ ಮಾವನ ಹುಟ್ಟುಹಬ್ಬಕ್ಕೆ ಹೋಗದೆ ವಿಧಿಯಿರಲಿಲ್ಲ.

“ಹೊಟ್ಟೆನೋವು ಅಂತ ಬರ್ಕೊಟ್ರೆ?” ಕೆಲ್ವಿನ್ ಗೋಗರೆದ.

“ನನ್ನ ಹೆಂಡ್ತಿ ಹೆರಿಗೆ ಮನೇಲಿದ್ದಾಗ ನಾನು ಸೇತುವೆ ಕೆಳಗೆ ಗ್ರೀಸ್ ಹಚ್ತಿದ್ದೆ. ನಿಂಗೆ ಚೆಂಡು ಉರುಳ್ಸಕ್ಕೆ ಹೊಟ್ಟೆನೋವು ಬೇಕಾ? ಈ ಕೆಲ್ಸ ನಿಲ್ಸೋಕೆ ಎರಡೇ ದಾರಿ. ಒಂದು, ನದಿಗೆ ನೆರೆ ಬರ್ಬೇಕು. ಇನ್ನೊಂದು, ಕಮಾನಿನ ಮೇಲಿರೋ ಆ ಗಿಡುಗ ಮೊಟ್ಟೆ ಇಡ್ಬೇಕು. ನೆರೆ ಬರೋ ಕಾಲ ಅಲ್ಲ. ಗೂಡು ಖಾಲಿ ಇದೆ ಅಂತ ಹಕ್ಕಿ ನೋಡ್ಕೊಳ್ಳೋ ಪಿಂಕ್ನಿ ಮೇಡಂ ನಿನ್ನೆ ತಾನೇ ಹೇಳಿದ್ದಾರೆ. ಹೋಗು, ಬಕೆಟ್ ಲಾರಿ ತಗೊಂಡು ರಸ್ತೆ ಬಂದ್ ಅಂತ ತೋರ್ಸೋ ಆ ದೊಡ್ಡ ಬೋರ್ಡಿನ ದೀಪ ಸರಿ ಮಾಡು. ಸಂಜೆಗೆ ಬೇಕು.”

ಆ ಬೋರ್ಡು ಸೇತುವೆಯ ದಕ್ಷಿಣ ತುದಿಯಲ್ಲಿ, ಜಾಯಿಂಟಿಗೆ ಕೂಗಳತೆಯಲ್ಲಿ, ರಸ್ತೆಗೆ ಅಡ್ಡಲಾಗಿ ಉಕ್ಕಿನ ಕಮಾನಿನ ಮೇಲೆ ನಿಂತಿದೆ. ಕಮಾನಿನ ನೆತ್ತಿಯ ಮೇಲೆ ಮೀನು ಹಿಡಿಯುವ ಗಿಡುಗದ ಗೂಡು. ಗೂಡೆಂದರೆ ಗುಬ್ಬಿಯ ಗೂಡಲ್ಲ. ಕಟ್ಟಿಗೆ, ಬಲೆಯ ಚೂರು, ಹಗ್ಗ, ಯಾರದೋ ಹರಕು ಚಡ್ಡಿ ಎಲ್ಲ ಸೇರಿ ಗಾಡಿ ಹುಲ್ಲಿನಷ್ಟು ದೊಡ್ಡ ರಾಶಿ. ಇಡೀ ಸೇತುವೆಯ ಮೇಲೆ ಹೇಳಿದ ಕಾಲಕ್ಕೆ ಮುಗಿದ ಕಟ್ಟಡ ಅದೊಂದೇ. ಅದರಲ್ಲಿ ಮೊಟ್ಟೆ ಕಂಡರೆ, ಸುತ್ತ ನೂರು ಮೀಟರ್ ಒಳಗೆ ಒಂದು ಬೋಲ್ಟನ್ನೂ ತಿರುಗಿಸುವಂತಿಲ್ಲ. ನಿಯಮ ಅಂದರೆ ನಿಯಮ.

ಕೆಲ್ವಿನ್ ಲಾರಿಯ ಉದ್ದ ತೋಳಿನ ತುದಿಯಲ್ಲಿದ್ದ ಬಕೆಟ್ಟಿನಲ್ಲಿ ನಿಂತು ಮೇಲೇರಿದ. ದೀಪ ಸರಿ ಮಾಡಿದ. ಅಲ್ಲೇ ಊಟದ ಡಬ್ಬಿ ಬಿಚ್ಚಿದ. ರೊಟ್ಟಿ, ಮಾಂಸ, ಒಂದು ಚೂರು ಕೇಕು, ಮತ್ತೆ ಜಾಯ್ಲೀನ್ ದಿನಾ ಇಡುವ ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಉಪ್ಪು.

ಅವನು ಮೊಟ್ಟೆಯನ್ನು ನೋಡಿದ. ಗೂಡನ್ನು ನೋಡಿದ. ಮತ್ತೆ ಮೊಟ್ಟೆಯನ್ನು ನೋಡಿದ.

‘ಛೇ, ಛೇ’ ಎಂದುಕೊಂಡ. ಆಮೇಲೆ ಹಂದಿ ತೊಡೆಗೆ ಒರಗಿ ನಿಂತ ಶೀಲ್ಡು ಕಣ್ಣ ಮುಂದೆ ಬಂತು. ‘ಕೆಲ್, ಸ್ವಲ್ಪ ಆ ಕಡೆ ಸರಿ’ ಎಂಬ ದನಿಯೂ ಕೇಳಿಸಿತು. ಮುಂದಿನದಕ್ಕೆ ಕೆಲ್ವಿನ್‌ನ ಕೈಗಳೇ ಕಾರಣ, ತಲೆಯಲ್ಲ ಎಂದು ನಾನು ಅವನ ಪರವಾಗಿ ಹೇಳಬಲ್ಲೆ. ಗಿಡುಗದ ಮೊಟ್ಟೆಯ ಮೇಲೆ ಕೆಂಪು ಕೆಂಪು ಮಚ್ಚೆ ಇರುತ್ತದೆಂದು ಶಾಲೆಯಲ್ಲಿ ಪಿಂಕ್ನಿ ಮೇಡಂ ಕಿವಿ ಹಿಂಡಿ ಕಲಿಸಿದ್ದರು. ತುಕ್ಕು ಹತ್ತಿದಲ್ಲಿ ಬಳಿಯುವ ರೆಡ್ ಆಕ್ಸೈಡ್ ಡಬ್ಬಿ ಕಾಲ ಬುಡದಲ್ಲೇ ಇತ್ತು. ಒಂದು ಕಡ್ಡಿ ಅದ್ದಿ ಮೊಟ್ಟೆಯ ಮೇಲೆ ಟಪ್ ಟಪ್ ಎಂದು ಚುಕ್ಕೆ ಇಟ್ಟ. ಕೈಗೆ ಬಣ್ಣ ಅಂಟದಿರಲೆಂದು ಅಡಿಭಾಗಕ್ಕೆ ಇಡಲಿಲ್ಲ.

ಮೊಟ್ಟೆ ಉರುಳಬಾರದೆಂದು ಜೇಬಿನಲ್ಲಿದ್ದ ಬಿಳಿ ಟೋಪಿ ತೆಗೆದ. ಕ್ಲಬ್ಬಿನ ಲಾಂಛನವಿದ್ದ, ನಾಳೆಯ ಫೈನಲ್ಲಿಗೆ ಶುಭವಾಗಲಿ ಎಂದು ದಿನವಿಡೀ ಜೊತೆಯಲ್ಲಿಟ್ಟುಕೊಂಡಿದ್ದ ಟೋಪಿ. ಅದರೊಳಗೆ ಮೊಟ್ಟೆ ಇಟ್ಟುಕೊಂಡು, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಗೂಡಿನೊಳಗೆ ಬಗ್ಗಿ ಇಳಿಸಿದ. ಟೋಪಿ ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಕೀರಲು ಕೂಗು. ಕಾಲಲ್ಲಿ ಒದ್ದಾಡುವ ಮೀನು ಹಿಡಿದುಕೊಂಡು ಗೂಡಿನ ಯಜಮಾನತಿ ಬರುತ್ತಿದ್ದಳು.

“ಅಯ್ಯಯ್ಯೋ!” ಎಂದು ಕೆಲ್ವಿನ್ ಸಿಕ್ಕ ಗುಂಡಿ ಒತ್ತಿದ. ಬಕೆಟ್ಟು ಮೊದಲು ಎಡಕ್ಕೆ ಹೋಯಿತು, ಆಮೇಲೆ ಇನ್ನೂ ಮೇಲಕ್ಕೆ ಹೋಯಿತು, ಗಿಡುಗ ಅವನ ಹೆಲ್ಮೆಟ್ಟಿಗೆ ಮೀನಿನಿಂದಲೇ ಬಾರಿಸಿತು. ಕೊನೆಗೆ ಹೇಗೋ ನೆಲ ಸಿಕ್ಕಾಗ ಕೆಲ್ವಿನ್‌ನ ಮೈತುಂಬ ಮೀನಿನ ವಾಸನೆ, ತಲೆಯೊಳಗೆ ಒಂದೇ ಮಾತು: ಟೋಪಿ ಮೇಲೆ ಉಳಿಯಿತು.

ತಾನೇ ಮೊಟ್ಟೆ ಇಟ್ಟು ತಾನೇ ಕಂಡೆ ಎಂದರೆ ಚೆನ್ನಾಗಿರುವುದಿಲ್ಲ. ಅದಕ್ಕೆ ಅವನು ಪಿಂಕ್ನಿ ಮೇಡಂಗೆ ಫೋನು ಮಾಡಿದ. ಮಾರ್ಜರಿ ಪಿಂಕ್ನಿ ನಮ್ಮೂರ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಊರಿನ ಮಕ್ಕಳನ್ನು ತಿದ್ದುವುದು ಮುಗಿದ ಮೇಲೆ ಹಕ್ಕಿಗಳ ಕಡೆ ತಿರುಗಿದ್ದರು. ಹಕ್ಕಿಗಳ ವಿಷಯದಲ್ಲಿ ಆಕೆಯ ಮಾತಿಗೆ ಹೆದ್ದಾರಿ ಕಚೇರಿಯೂ ಎದ್ದು ನಿಲ್ಲುತ್ತದೆ.

“ಮಿಸ್, ಗಿಡುಗ ಗೂಡಲ್ಲಿ ಏನೋ ಕಾವು ಕೂತ ಹಾಗೆ ಅನ್ನಿಸ್ತು.”

“ಅನ್ನಿಸ್ತು ಅಂದ್ರೇನು ಕೆಲ್ವಿನ್? ಕಂಡಿದ್ದು ಹೇಳು, ಅನ್ನಿಸಿದ್ದು ಬೇಡ. ಬಾಯಲ್ಲಿ ಏನು ಇಟ್ಕೊಂಡು ಮಾತಾಡ್ತಿದೀಯ?”

“ಏನೂ ಇಲ್ಲ ಮಿಸ್. ಹೆದರಿಕೆ.”

“ಅಲ್ಲೇ ನಿಂತಿರು. ಬಂದೆ.”

ಆಕೆ ನದಿ ದಂಡೆಗೆ ಬಂದಿಳಿದಾಗ ಕೊರಳಲ್ಲಿ ದುರ್ಬೀನು, ಕಂಕುಳಲ್ಲಿ ಡ್ರೋನು. ವೂಕಿಚ್ ಸುದ್ದಿ ಕೇಳಿ ಓಡಿ ಬಂದ, ಅವನ ಹಿಂದೆ ಇಡೀ ತಂಡ. ನಾಳೆಯ ಫೈನಲ್ಲಿನ ಊಟಕ್ಕೆಂದು ಕ್ಲಬ್ಬಿಗೆ ಸಾಸೇಜು ಕೊಡಲು ಬಂದಿದ್ದ ಲೆಸ್ ಕೂಡ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಡ್ರೋನು ಗುಂಯ್ ಎಂದು ಮೇಲೆದ್ದಿತು. ಗಿಡುಗ ಮೀನಿನ ಬಾಲ ಮುಗಿಸಲು ಪಕ್ಕದ ಕಂಬಕ್ಕೆ ಹೋಗಿತ್ತು. ಎಲ್ಲರೂ ಮೇಡಂ ಕೈಯ ಪರದೆಗೆ ತಲೆ ತೂರಿಸಿದರು.

“ಮೊಟ್ಟೆ!” ಎಂದರು ಮೇಡಂ. ದನಿ ನಡುಗಿತು. ಅರವತ್ತು ಮಕ್ಕಳ ತರಗತಿಯಲ್ಲೂ ನಡುಗದ ದನಿ ಅದು.

“ಥತ್!” ಎಂದ ವೂಕಿಚ್. ತಂಡದವರು ದುಃಖದ ಮುಖ ಮಾಡಲು ಬಹಳ ಕಷ್ಟಪಟ್ಟರು.

“ಸ್ವಲ್ಪ ಇರಿ,” ಮೇಡಂ ಕನ್ನಡಕ ಏರಿಸಿದರು. “ಇಷ್ಟು ಚಿಕ್ಕದು ಯಾಕೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೆಲ್ವಿನ್ ತನ್ನ ಊಟದ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ.

“ಚುಕ್ಕೆ ಎಲ್ಲ ಮೇಲ್ಗಡೇನೇ ಇದೆ. ಪಕ್ಕಕ್ಕೆ ಒಂದೂ ಇಲ್ಲ. ನಾನು ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ...” ಮೇಡಂ ಪರದೆಯನ್ನು ಮೂಗಿನ ಹತ್ತಿರ ಹಿಡಿದರು. “ಗೊತ್ತಾಯ್ತು! ಪಾಪ, ಚೊಚ್ಚಲು. ಮೊದಲ ಮೊಟ್ಟೆ ಹೀಗೇ ಇರುತ್ತೆ, ಅರೆಬರೆ.”

ತಿಳಿದವರು ತಪ್ಪು ಮಾಡುವುದಿಲ್ಲ. ಮಾಡಿದರೂ ಅದಕ್ಕೊಂದು ಕಾರಣ ಇಟ್ಟುಕೊಂಡೇ ಮಾಡುತ್ತಾರೆ.

“ಅದೇನು ಬಿಳೀದು, ಮೊಟ್ಟೆ ಕೆಳಗೆ?” ಎಂದ ಲೆಸ್. “ನಮ್ ಕ್ಲಬ್ಬಿನ ಟೋಪಿ ಅಲ್ವಾ ಅದು?”

ಎಲ್ಲರೂ ಕೆಲ್ವಿನ್ ಕಡೆ ತಿರುಗಿದರು. “ಅದು... ನಂದು. ದೀಪ ಹಾಕಕ್ಕೆ ಹೋಗಿದ್ದೆ ನೋಡಿ. ಬಂದು ತಲೆ ಮೇಲಿಂದ ಕಿತ್ಕೊಂಡು ಹೋಯ್ತು.”

“ಹೆಲ್ಮೆಟ್ ಇರ್ಲಿಲ್ವಾ?” ಎಂದ ವೂಕಿಚ್.

“ಹೆಲ್ಮೆಟ್... ಒಳಗೆ ಟೋಪಿ ಇತ್ತು.”

“ಹೆಲ್ಮೆಟ್ ತೆಗ್ದು, ಒಳಗಿನ ಟೋಪಿ ಕಿತ್ಕೊಂಡು, ಮತ್ತೆ ಹೆಲ್ಮೆಟ್ ಹಾಕಿ ಹೋಯ್ತಾ?”

“ಗ್ಯಾರಿ, ಹಕ್ಕಿ ಬುದ್ಧಿ ನಿಮಗೆ ಗೊತ್ತಿಲ್ಲ,” ಎಂದು ಮೇಡಂ ಗದರಿದರು. ಕಣ್ಣಲ್ಲಿ ನೀರೇ ಬಂದಿತ್ತು. “ಬಾಣಂತಿ ಮೆತ್ತಗಿನ ಹಾಸಿಗೆ ಹುಡುಕ್ತಾ ಇರ್ತಾಳೆ. ಅಷ್ಟು ಜನ ಓಡಾಡೋ ಸೇತುವೆ ಮೇಲೆ ಅವಳು ಕೆಲ್ವಿನ್ ಟೋಪೀನೇ ಆರಿಸ್ಕೊಂಡಿದ್ದಾಳೆ. ಅಂದ್ರೆ ಅವನ ಮೇಲೆ ಅವಳಿಗೆ ನಂಬಿಕೆ ಇದೆ.”

ವೂಕಿಚ್ ಮೇಲಿನವರಿಗೆ ಫೋನು ಮಾಡಿದ. ಎರಡು ಸಲ ಬೈಸಿಕೊಂಡ. ಹೊಸ ಜಾಯಿಂಟನ್ನು ಲಾರಿಗೆ ಹೇರಿ ವಾಪಸು ಕಳಿಸಲು ಹೇಳಿದ. ತಂಡದವರು ಮರೆಗೆ ಹೋಗಿ ಕೆಲ್ವಿನ್‌ನನ್ನು ಎತ್ತಿ ಕುಣಿದಾಡಿದರು. ಮೀನಿಗೆ ಹೋಗುವವನು ಅವನ ಬಾಯಿಗೆ ಬಿಸಿ ಮಾಂಸದ ಕಡುಬು ತುರುಕಿದ. “ಆ ಹಕ್ಕಿಗೆ ಒಳ್ಳೇದಾಗ್ಲಿ ಗುರು! ನಾಳೆ ನಾವೆಲ್ಲ ನಿನ್ನ ಆಟ ನೋಡಕ್ಕೆ ಬರ್ತೀವಿ, ಆ ಮಾಂಸದಂಗಡಿಯೋನ್ನ ಕೊಚ್ಚಿ ಹಾಕು.” ಕೆಲ್ವಿನ್‌ನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಬದುಕಿನಲ್ಲಿ ಮೊದಲ ಸಲ ತಾನು ಜಾಣ ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ಮನುಷ್ಯ ಎಲ್ಲಾದರೂ ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲಬೇಕು.

ಮರೆಯಿಂದ ಹೊರಬಂದು ನೋಡಿದರೆ ಪಿಂಕ್ನಿ ಮೇಡಂ ಹಳದಿ ಟೇಪಿನ ಸುರುಳಿ ಹಿಡಿದು ಇಳಿಜಾರಿನಲ್ಲಿ ಸರಸರ ನಡೆಯುತ್ತಿದ್ದರು. ಗೂಡಿನ ನೇರ ಕೆಳಗಿನಿಂದ ಹೊರಟು ಪೊದೆ ದಾಟಿದರು, ಕ್ಲಬ್ಬಿನ ಬೇಲಿ ದಾಟಿದರು, ಹುಲ್ಲಿನ ಅಂಗಳದ ನಟ್ಟನಡುವೆ ಹಾದು ಆಚೆ ಬದಿಯ ಬೆಂಚಿಗೆ ಟೇಪು ಕಟ್ಟಿದರು.

“ಮಿಸ್, ಅದು... ಅದು ಕ್ಲಬ್ಬು!” ಕೆಲ್ವಿನ್ ಓಡಿದ.

“ನೂರು ಮೀಟರ್ ಅಂದ್ರೆ ನೂರು ಮೀಟರ್ ಕೆಲ್ವಿನ್. ಮೇಲಕ್ಕೆ ಒಂದು ಲೆಕ್ಕ, ಕೆಳಕ್ಕೆ ಒಂದು ಲೆಕ್ಕ ಇರುತ್ತಾ? ನಾಳೆ ಇಲ್ಲಿ ನೂರಾರು ಜನ ಸೇರಿ ಕೂಗಾಡಿದ್ರೆ ಆ ತಾಯಿ ಗತಿ ಏನು? ಮರಿ ಹಾರಿ ಹೋಗೋವರೆಗೂ ಈ ಅಂಗಳಕ್ಕೆ ಒಬ್ಬರೂ ಕಾಲಿಡೋ ಹಾಗಿಲ್ಲ.”

ದಿನವೂ ಸೇತುವೆಯ ಮೇಲೆ ನಿಲ್ಲುವವನು ಸೇತುವೆಯ ಕೆಳಗೇನಿದೆ ಎಂದು ಯೋಚಿಸುವುದಿಲ್ಲ. ಕಟ್ಟಿಸಿದ ಮಂತ್ರಿಗಳೇ ಯೋಚಿಸಿರಲಿಲ್ಲ, ಇನ್ನು ಕೆಲ್ವಿನ್ ಯಾವ ಲೆಕ್ಕ! ಅವನು ಟೇಪು ಹಿಡಿದುಕೊಂಡು ಹಾಗೇ ಕುಸಿದ.

ಲೆಸ್ ಗಡ್ಡ ತುರಿಸಿಕೊಂಡ. “ಫೈನಲ್ ನಡೀದಿದ್ರೆ ಶೀಲ್ಡ್ ಹಳೇ ಚಾಂಪಿಯನ್ ಹತ್ರಾನೇ ಉಳೀಬೇಕು. ಕ್ಲಬ್ಬಿನ ಕಾನೂನು. ಅಂದ್ರೆ ನನ್ನ ಹತ್ರ.”

“ಲೆಸ್, ಇದು ಅನ್ಯಾಯ!” ಕೆಲ್ವಿನ್‌ಗೆ ಅಳುವೇ ಬಂದಿತ್ತು.

ಆಗ ಲೆಸ್ ಒಂದು ಕೆಲಸ ಮಾಡಿದ. ಆ ಮನುಷ್ಯನನ್ನು ಹುಟ್ಟಿದಾಗಿನಿಂದ ಬಲ್ಲವರೂ ಅದನ್ನು ನಿರೀಕ್ಷಿಸಿರಲಿಲ್ಲ. ಅವನು ಕೆಲ್ವಿನ್‌ನ ಭುಜಕ್ಕೆ ಕೈ ಹಾಕಿದ. “ಹೂಂ, ಅನ್ಯಾಯಾನೇ. ಆಡದೇ ಗೆದ್ದ ಶೀಲ್ಡ್ ನಂಗೂ ಬೇಡ. ನಿನ್ನನ್ನ ಜನರ ಮುಂದೆ ಸೋಲ್ಸಿ ತಗೊಂಡ್ರೇ ರುಚಿ. ಸ್ಯಾಂಡಿ ಕ್ರೀಕ್ ಕ್ಲಬ್ಬಿನೋರು ನಂಗೆ ಪರಿಚಯ. ನಾಳೆ ಮಧ್ಯಾಹ್ನ ಅವರ ಅಂಗಳದಲ್ಲಿ ಆಡೋಣ. ಏನಂತೀಯ?”

ಅಲ್ಲೇ ನಿಂತು ಫೋನು ಮಾಡಿದ, ಅಂಗಳ ಸಿಕ್ಕಿತು. ಕೆಲ್ವಿನ್ ತನ್ನ ಜೀವಮಾನದ ಶತ್ರುವನ್ನು ತಬ್ಬಿಕೊಂಡು ಏಪ್ರನ್ನಿನ ರಕ್ತವನ್ನೆಲ್ಲ ಮೈಗೆ ಬಳಿದುಕೊಂಡ. ತಂಡದವರು ಹೋ ಎಂದರು. “ನಾನೂ ಬರ್ತೀನಿ,” ಎಂದ ವೂಕಿಚ್. “ಹೆಂಗೂ ರಜಾ ಆಯ್ತಲ್ಲ.”

“ಒಂದು ಮಾತು ಉಳೀತು,” ಎಂದರು ಪಿಂಕ್ನಿ ಮೇಡಂ.

ಕೆಲವರ ಬಾಯಿಂದ ಈ ಮಾತು ಬಂದರೆ ಓಡಿಬಿಡಬೇಕು. ಕೆಲ್ವಿನ್ ನಿಂತಿದ್ದ.

“ಗೂಡಿಗೆ ಕಾವಲು ಬೇಕು. ಬೆಳಕು ಹರಿದಾಗಿಂದ ಕತ್ತಲಾಗೋವರೆಗೂ. ಮೊಟ್ಟೆ ಕದಿಯೋರು ಇರ್ತಾರೆ, ದೋಣಿ ತಂದು ನಿಲ್ಲಿಸೋರು ಇರ್ತಾರೆ. ಹೊಸಬರನ್ನ ಕಂಡ್ರೆ ಹಕ್ಕಿ ಗಾಬರಿಯಾಗಿ ಗೂಡು ಬಿಟ್ಟು ಹೋಗುತ್ತೆ. ಅವಳಿಗೆ ವಾಸನೆ ಗೊತ್ತಿರೋರು, ನಂಬಿಕೆ ಇರೋರು ಒಬ್ಬರೇ.”

ಎಲ್ಲರ ಕಣ್ಣೂ ಮತ್ತೆ ಪರದೆಯ ಮೇಲಿದ್ದ ಬಿಳಿ ಟೋಪಿಯ ಕಡೆ ಹೋದವು.

“ಹಕ್ಕಿಗೆ ಮೂಗೇ ಇಲ್ಲ ಮಿಸ್!” ಎಂದ ಕೆಲ್ವಿನ್.

“ನನಗೆ ಹಕ್ಕಿ ಪಾಠ ಹೇಳ್ತೀಯಾ?”

ವೂಕಿಚ್‌ಗೆ ಇಡೀ ದಿನದಲ್ಲಿ ಮೊದಲ ಸಲ ನಗು ಬಂತು. “ಮೇಡಂ ಹೇಳೋದು ಸರಿ. ಕೆಲ್, ನಿನ್ನ ಶನಿವಾರದ ಡ್ಯೂಟಿ ಹೆಂಗೂ ಹಾಕಿ ಆಗಿದೆ. ಬೇರೆಯೋರದ್ದು ಕ್ಯಾನ್ಸಲ್, ನಿಂದು ಹಾಗೇ ಇರ್ಲಿ. ಕುರ್ಚಿ ಕಳಿಸ್ತೀನಿ.”

“ಗ್ಯಾರಿ! ನಾಳೆ ಒಂದಿನ ಬಿಡು! ಆ ಮೊಟ್ಟೆಗೆ ಏನೂ ಆಗಲ್ಲ, ನಾನು ಹೇಳ್ತೀನಿ ಕೇಳು, ಆ ಮೊಟ್ಟೆ...”

“ಆ ಮೊಟ್ಟೆ?” ಮೇಡಂ ತಿರುಗಿದರು. “ಏನಾದ್ರೂ ಗೊತ್ತಿದ್ರೆ ಹೇಳಿಬಿಡು. ಗೂಡಿಗೆ ಕೈ ಹಾಕೋದು ಅಂದ್ರೆ ಜೈಲು. ಹೋದ ವರ್ಷ ಒಬ್ಬನನ್ನ ನಾನೇ ಕಳಿಸಿದ್ದೀನಿ. ನನ್ನ ಹಳೇ ವಿದ್ಯಾರ್ಥಿ.”

“ಆ ಮೊಟ್ಟೆ... ಭಾಳ ಚೆನ್ನಾಗಿದೆ ಮಿಸ್,” ಎಂದ ಕೆಲ್ವಿನ್.

ಶನಿವಾರ ಬೆಳಿಗ್ಗೆ ಅವನು ಟೇಪಿನ ಅಂಚಿನಲ್ಲಿ, ಮಡಿಸುವ ಕುರ್ಚಿಯ ಮೇಲೆ, ಮಿಂಚುವ ಜಾಕೆಟ್ಟು ತೊಟ್ಟು ಕೂತಿದ್ದ. ಮುಂದೆ ಖಾಲಿ ಹುಲ್ಲಿನ ಅಂಗಳ. ಮೇಲೆ ಗಿಡುಗ. ಒಂದೊಂದು ಕಬ್ಬಿನ ಲಾರಿ ದಾಟಿದಾಗಲೂ ‘ಟಕ್-ಡಡಕ್’. ಅವನ ತಂಡದವರು ಎರಡು ಕಾರು ತುಂಬಿಕೊಂಡು ಸ್ಯಾಂಡಿ ಕ್ರೀಕ್ ಕಡೆ ಹೋಗುವಾಗ ಹಾರ್ನು ಹಾಕಿ ಕೈ ಬೀಸಿದರು. ಆಟಗಾರ ಬರದಿದ್ದರೂ ಅಲ್ಲಿ ಸಾಸೇಜು ಇತ್ತು, ಬಿಯರು ಇತ್ತು. ಹೇಳಿದ ಹೊತ್ತಿಗೆ ಕೆಲ್ವಿನ್ ಹಾಜರಾಗದಿದ್ದುದರಿಂದ ಲೆಸ್ ಗೆದ್ದನೆಂದು ಸಾರಿ, ಎಲ್ಲರೂ ಊಟಕ್ಕೆ ಕೂತರಂತೆ.

ಮಧ್ಯಾಹ್ನ ಜಾಯ್ಲೀನ್ ಊಟದ ಡಬ್ಬಿ ಹಿಡಿದುಕೊಂಡು ಬಂದಳು. ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು. ಮುಚ್ಚಳ ತೆಗೆದಳು. ಒಳಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಪೊಟ್ಟಣ ಉಪ್ಪು. ಕೆಲ್ವಿನ್ ಮುಖ ಆ ಕಡೆ ತಿರುಗಿಸಿದ.

“ಯಾಕೆ, ನಿನ್ನೆ ಮೊಟ್ಟೆ ತಿಂದ್ಯಲ್ಲ?” ಎಂದಳು.

“ತಿಂದೆ.”

“ಉಪ್ಪಿಲ್ದೆ? ಮದುವೆ ಆದಾಗಿಂದ ಉಪ್ಪಿಲ್ದೆ ಮೊಟ್ಟೆ ಮುಟ್ಟದೋನು ನೀನು. ಉಪ್ಪಿನ ಪೊಟ್ಟಣ ಹಾಗೇ ವಾಪಸ್ ಬಂದಿತ್ತು. ಡಬ್ಬಿ ಮುಚ್ಚಳಕ್ಕೆ ಕೆಂಪು ಬಣ್ಣ ಬೇರೆ. ಉಜ್ಜಿ ಉಜ್ಜಿ ಕೈ ಸೋತೋಯ್ತು.”

ಕೆಲ್ವಿನ್ ಮೆಲ್ಲಗೆ ಅವಳ ಕಡೆ ತಿರುಗಿದ. “ಲೆಸ್‌ಗೆ ಹೇಳಿದ್ಯಾ?”

“ಅಣ್ಣ ಆದ್ರೂ ಅವನಿಗೆ ಯಾಕೆ ಹೇಳ್ಲಿ? ಗಂಡ ಮೊಟ್ಟೆ ಇಟ್ಟ ಅಂತ ಊರೆಲ್ಲ ಹೇಳ್ಕೊಂಡು ಬರ್ಲಾ?” ಅವಳು ಮೊಟ್ಟೆಯ ಚಿಪ್ಪು ಸುಲಿಯತೊಡಗಿದಳು. “ನೀನು ಗೆಲ್ತಿದ್ದೆ ಕಣೋ. ಈ ಸಲ ನೀನೇ ಗೆಲ್ತಿದ್ದೆ. ಮೇಜಿನ ಮೇಲೆ ಶೀಲ್ಡಿಗೆ ಹಾಸಕ್ಕೆ ಅಂತ ನಾನು ಬಟ್ಟೆ ಬೇರೆ ತಂದಿಟ್ಟಿದ್ದೆ,” ಎಂದಳು. ಆ ಮಾತು ಕೇಳಿ ಕೆಲ್ವಿನ್‌ಗೆ ಹಿಂದಿನ ದಿನದ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಅವನಿಗೆ ಅದೂ ದಕ್ಕುವಂತಿರಲಿಲ್ಲ, ಮಾಡಿದ್ದು ಮೇಲಿತ್ತು. ಹಕ್ಕಿ ಅದರ ಮೇಲೆ ರೆಕ್ಕೆ ಹರಡಿ ಕೂತಿತ್ತು.

“ಹೋಗ್ಲಿ ಬಿಡು,” ಎಂದ ಕೆಲ್ವಿನ್, ಮೊಟ್ಟೆ ಕಚ್ಚುತ್ತ. “ಮೇಡಂ ಹೇಳಿದ್ರು, ಐದಾರು ವಾರಕ್ಕೆ ಮರಿ ಆಗುತ್ತಂತೆ. ಮರಿ ಹಾರಿಹೋದ ಮೇಲೆ ಕಾವಲೂ ಇಲ್ಲ, ಟೇಪೂ ಇಲ್ಲ. ಅಲ್ಲೀವರೆಗೂ ಹೆಂಗೋ ತಳ್ಳೋದು.”

ಜಾಯ್ಲೀನ್ ಗಂಡನ ಮುಖವನ್ನೇ ನೋಡಿದಳು. ಇವನು ನಿಜವಾಗಿ ಹೇಳುತ್ತಿದ್ದಾನೋ ತಮಾಷೆ ಮಾಡುತ್ತಿದ್ದಾನೋ ಎಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

“ಕೆಲ್,” ಎಂದಳು, ಉಪ್ಪಿನ ಪೊಟ್ಟಣ ಅವನ ಕೈಗಿಡುತ್ತ, “ಅದನ್ನ ನಾನು ಗಟ್ಟಿ ಆಗೋವರೆಗೂ ಕುದಿಸಿದ್ದೆ ಕಣೋ.”

ಕೆಲ್ವಿನ್ ಅಗಿಯುವುದನ್ನು ನಿಲ್ಲಿಸಿ ಮೇಲೆ ನೋಡಿದ. ಗಿಡುಗವೂ ಬಗ್ಗಿ ಅವನನ್ನು ನೋಡಿತು. ಸ್ವಲ್ಪ ಹೊರಳಿ, ಟೋಪಿಯನ್ನು ಸರಿಮಾಡಿಕೊಂಡು, ಇನ್ನಷ್ಟು ಭದ್ರವಾಗಿ ಕಾವು ಕೂತಿತು.